ಏಳು ತಂತಿ ಯಾಕೆ ಬೇಕಾಯಿತು, ಅದನ್ನು ಬರೆಯಿರಿ

ನಮಸ್ಕಾರ. ಪಿಟೀಲು ಚೌಡಯ್ಯನವರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತದ ತಪ್ಪಿಲ್ಲ, ಸಂತೋಷ. ಆದರೆ ಎರಡನೇ ಪ್ಯಾರಾಕ್ಕೆ ಬಂದಾಗ ನನಗೆ ಸಿಟ್ಟು ಬಂತು.

'ಸಪ್ತಸ್ವರಗಳಿಗೆ ಒಂದೊಂದರಂತೆ ಏಳು ತಂತಿ ಕಟ್ಟಿದ ನಾದಯೋಗಿ' ಅಂತ ಬರೆದಿದ್ದೀರಿ. ಅಲ್ಲ ಸ್ವಾಮಿ, ಸ್ವರಕ್ಕೊಂದು ತಂತಿ ಇದ್ದರೆ ಎಡಗೈ ಬೆರಳಿಗೆ ಏನು ಕೆಲಸ? ಎಲ್ಲಾ ಸ್ವರಗಳೂ ಮಾಮೂಲು ನಾಲ್ಕು ತಂತಿಯಲ್ಲೇ ಬರುತ್ತವೆ. ಚೌಡಯ್ಯನವರು ಅದರಲ್ಲಿ ಮೂರು ತಂತಿಗಳ ಪಕ್ಕಕ್ಕೆ, ಅದೇ ಸ್ವರವನ್ನು ಒಂದು ಸ್ಥಾಯಿ ಕೆಳಗೆ, ಅಂದರೆ ತಗ್ಗಿನ ದನಿಯಲ್ಲಿ ನುಡಿಯುವ ಒಂದೊಂದು ತಂತಿಯನ್ನು ಜೋಡಿಯಾಗಿ ಕಟ್ಟಿದರು. ಯಾಕೆ? ಆಗ ಮೈಕ್ ಇರಲಿಲ್ಲ, ಹಿಂದೆ ಕೂತವರಿಗೆ ಪಿಟೀಲು ಸರಿಯಾಗಿ ಕೇಳುತ್ತಿರಲಿಲ್ಲ. ಜೋಡಿಯಾದ ಮೇಲೆ ನಾದ ದಪ್ಪವಾಯಿತು, ಆದರೆ ಕಷ್ಟವೂ ಜಾಸ್ತಿಯಾಯಿತು: ಒಂದೇ ಬೆರಳು ಎರಡು ತಂತಿ ಒತ್ತಬೇಕು, ಒಂದೇ ಕಮಾನು ಎರಡನ್ನೂ ಎಳೆಯಬೇಕು, ಜೋಡಿಯಲ್ಲಿ ಒಂದು ಚೂರು ಶ್ರುತಿ ತಪ್ಪಿದರೂ ಸಭೆಗೆಲ್ಲ ಗೊತ್ತಾಗುತ್ತದೆ. ಇಷ್ಟೆಲ್ಲ ಇರುವಾಗ ನಿಮಗೆ ನಾದಯೋಗಿ ಯಾಕೆ ಬೇಕು?

ಮುಂದಿನ ಸಾಲು: 'ಗುರುಕೃಪೆಯಿಂದ ಪಿಟೀಲು ಅವರಿಗೆ ಒಲಿಯಿತು.' ಗುರು ಬಿಡಾರಂ ಕೃಷ್ಣಪ್ಪನವರು ಹಾಡುಗಾರರು! ಹಾಡುವವರ ಹತ್ತಿರ ಹುಡುಗನೊಬ್ಬ ವರ್ಷಗಟ್ಟಲೆ ಇದ್ದು ಪಿಟೀಲುಗಾರನಾಗಿ ಬೆಳೆದ ಅಂದರೆ, ಗಂಟಲಿನಲ್ಲಿ ಕೇಳಿದ್ದನ್ನು ಕಮಾನಿಗೆ ತರುವುದೇ ಅವನ ದಿನದ ಪಾಠ ಆಗಿರಬೇಕಲ್ವಾ? ಮುಂದೆ ಚೆಂಬೈ ವೈದ್ಯನಾಥ ಭಾಗವತರ ಅಂಥ ಗಟ್ಟಿ ಕಂಠಕ್ಕೆ ಪಕ್ಕವಾದ್ಯ ನುಡಿಸಿದವರು ಇವರು. ನೀವು ಹಾಡುಗಾರ ಗುರುವನ್ನೂ ಈ ಪಕ್ಕವಾದ್ಯವನ್ನೂ ಬೇರೆ ಬೇರೆ ಪುಟದಲ್ಲಿ ಇಟ್ಟು ಸುಮ್ನೆ ದಾಟಿಹೋಗಿದ್ದೀರಿ.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಕಲಾವಿದರು ಯಾರಾದರೂ ತೀರಿಕೊಂಡ ದಿನ ನಾವು ಬರೆದು ಕೊಟ್ಟದ್ದರ ಮೇಲೆ ಪೆನ್ಸಿಲ್ ಆಡಿಸುತ್ತಾ, 'ಬಿರುದು ಬಂತು, ಹಾರ ಬಂತು, ಈ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡ್ತಿದ್ದ ಅನ್ನೋದು ಎಲ್ಲಪ್ಪಾ?' ಅಂತ ಕೇಳುತ್ತಿದ್ದರು. ಕೇಳಿ ಕ್ಯಾಂಟೀನಿಗೆ ಹೊರಟುಬಿಡುತ್ತಿದ್ದರು, ಉತ್ತರ ಹುಡುಕುವುದು ನಮ್ಮ ಪಾಡು. ಸಂಬಳಕ್ಕಿಂತ ಆ ಬೈಗುಳದಿಂದ ನನಗೆ ಆದ ಲಾಭ ಜಾಸ್ತಿ.

1957ರ ಸಂಗೀತ ಕಲಾನಿಧಿ ಬಿರುದು ಒಂದು ಸಾಲಿನಲ್ಲಿ ಮುಗಿಯಲಿ. ಬೆಂಗಳೂರಿನ ಚೌಡಯ್ಯ ಮೆಮೋರಿಯಲ್ ಹಾಲ್ ಪಿಟೀಲಿನ ಆಕಾರದಲ್ಲಿದೆ ಅನ್ನುವ ಪ್ಯಾರಾ ತೆಗೆಯಿರಿ, ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೂ ಗೊತ್ತು. ಪಿಟೀಲು ನುಡಿಸುವವರೊಬ್ಬರ ಎದುರು ಒಂದು ಗಂಟೆ ಕೂತು, ಅವರ ಎಡಗೈ ನೋಡಿಕೊಂಡು ಬಂದು ಎರಡನೇ ಪ್ಯಾರಾ ಹೊಸದಾಗಿ ಬರೆದು ಕಳಿಸಿ.