ಶಾಲಾ ಬೀಚ್ ಸಾಕರ್ ಟೂರ್ನಿ ನಡೆಸಲು ಎಲ್ಲಿಂದ ಶುರುಮಾಡಬೇಕು?

ತಂಡಗಳ ಪಟ್ಟಿ ಆಮೇಲೆ, ಮೊದಲು ಉಬ್ಬರವಿಳಿತದ ವೇಳಾಪಟ್ಟಿ ನೋಡಿ. ಅಂಗಳ ಉಬ್ಬರದ ಗೆರೆಗಿಂತ ಮೇಲೆ, ಮೆತ್ತನೆಯ ಒಣಮರಳಿನಲ್ಲಿರಲಿ. ಅಧಿಕೃತ ಅಳತೆ 35–37 ಮೀಟರ್ ಉದ್ದ, 26–28 ಮೀಟರ್ ಅಗಲ. ಗೋಲ್‌ಕೀಪರ್ ಸೇರಿ ತಂಡಕ್ಕೆ ಐವರು. ಬದಲಿ ಆಟಗಾರರನ್ನು ಎಷ್ಟು ಸಲವಾದರೂ ಇಳಿಸಬಹುದು. ಹಾಗಾಗಿ ಬೆಂಚಿನಲ್ಲಿ ಕೂತ ಮಕ್ಕಳಿಗೂ ಆಟ ಸಿಗಲೇಬೇಕು, ಇದನ್ನು ಕೋಚ್‌ಗಳಿಗೆ ಮೊದಲೇ ಹೇಳಿಬಿಡಿ.

ನಿಯಮದ ಪ್ರಕಾರ 12 ನಿಮಿಷದ ಮೂರು ಅವಧಿಗಳು. ಮರಳಿನಲ್ಲಿ ಓಡಿದರೆ ಕಾಲು ಬೇಗ ಸೋಲುತ್ತದೆ, ದಿನಕ್ಕೆ ಹಲವು ಪಂದ್ಯಗಳಿದ್ದರೆ 8 ನಿಮಿಷಕ್ಕೆ ಇಳಿಸಿ. ಡ್ರಾ ಇಲ್ಲ; ಸಮಬಲವಾದರೆ ಹೆಚ್ಚುವರಿ 3 ನಿಮಿಷ, ಬಳಿಕ ಪೆನಾಲ್ಟಿ.

ಆಡುವುದು ಬರಿಗಾಲಲ್ಲಿ. ಗಾಜು, ಚಿಪ್ಪು, ಗಾಳದ ಕೊಕ್ಕೆ ಇದೆಯೇ ಎಂದು ಪ್ರತಿದಿನ ಮರಳು ಕೆದಕಿ ನೋಡಿ. ನಡುಹಗಲಿನ ಪಂದ್ಯ ಖಂಡಿತ ಬೇಡ, ಕಾದ ಮರಳು ಅಂಗಾಲು ಸುಡುತ್ತದೆ. ನೆರಳು, ನೀರು, ಪ್ರಥಮ ಚಿಕಿತ್ಸೆ ಸಿದ್ಧವಿರಲಿ. ವಿರಾಮದಲ್ಲಿ ಸಮುದ್ರಕ್ಕಿಳಿಯುವವರನ್ನು ನೋಡಿಕೊಳ್ಳಲೆಂದೇ ಒಬ್ಬರು ಇರಬೇಕು.