ಕಲ್ಲು ವೃತ್ತದ ಕೆಳಗೆ ನಿಧಿ ಇದೆಯೇ?

ಪ್ರಶ್ನೆ: ಊರಾಚೆ ಗುಡ್ಡದ ಮೇಲೆ ಗುಂಡುಗಲ್ಲುಗಳ ವೃತ್ತವಿದೆ, ನಡುವೆ ಕಲ್ಲುಗುಪ್ಪೆ. ಕೆಳಗೆ ನಿಧಿ ಇದೆ ಅಂತಾರೆ. ಅಗೆಯಬಹುದೇ?

ಉತ್ತರ: ಬೇಡ. ಅಂಥ ವೃತ್ತ ಬಹುಮಟ್ಟಿಗೆ ಪ್ರಾಚೀನ ಸಮಾಧಿ. ಈ ಪ್ರಶ್ನೆ ನಮಗೆ ತಲುಪುವ ಹೊತ್ತಿಗೆ ಸಾಮಾನ್ಯವಾಗಿ ಅರ್ಧ ಗುಪ್ಪೆ ಅಗೆದಾಗಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಂಥ ಸಮಾಧಿಗಳನ್ನು ಅಗೆಸಿದರು. ಸಿಕ್ಕಿದ್ದು ಕೊಪ್ಪರಿಗೆ ಹೊನ್ನಲ್ಲ. ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಮಣಿ, ಬಿಡಿ ಮೂಳೆ. ಹೆಣ ಬೇರೆಲ್ಲೋ ಕರಗಿದ ಮೇಲೆ ಆಯ್ದ ಮೂಳೆಗಳನ್ನಷ್ಟೇ ತಂದಿಡುತ್ತಿದ್ದರು, ನೆಲದೊಳಗಿನ ಒಂದೇ ಕಲ್ಲುಕೋಣೆಯಲ್ಲಿ ಹಲವರದ್ದು.

ಅಲ್ಲಿನ ಕೋಣೆಗಳಲ್ಲಿ ನಾಲ್ಕು ಗ್ರಾನೈಟ್ ಚಪ್ಪಡಿಗಳನ್ನು ಸ್ವಸ್ತಿಕದಂತೆ, ಒಂದರ ತುದಿ ಇನ್ನೊಂದರಾಚೆ ಚಾಚುವಂತೆ ನಿಲ್ಲಿಸಿದ್ದಾರೆ. ಹೊರಗಿನ ಮಣ್ಣು ಒತ್ತಿದಷ್ಟೂ ಅವು ಒಂದಕ್ಕೊಂದು ಆತು ನಿಲ್ಲುತ್ತವೆ. ಪೂರ್ವಕ್ಕೆ ಒಂದೂವರೆ ಅಡಿಯಷ್ಟು ದುಂಡು ಕಿಂಡಿ, ಮೇಲೆ ಮುಚ್ಚುಗಲ್ಲು. ಒಂದು ಬದಿಯ ಮಣ್ಣು ತೋಡಿದಿರೋ, ಆಸರೆ ತಪ್ಪಿದ ಚಪ್ಪಡಿ ಹೊರಕ್ಕೆ ವಾಲಿ, ಮುಚ್ಚುಗಲ್ಲು ಗುಂಡಿಯಲ್ಲಿರುವವನ ಮೇಲೇ ಜಾರೀತು. ಎಲ್ಲ ವೃತ್ತದಲ್ಲೂ ಕೋಣೆ ಇರುವುದಿಲ್ಲ. ಬ್ರಹ್ಮಗಿರಿಯಲ್ಲೇ ಬರೀ ಗುಂಡಿಯ ವೃತ್ತಗಳೂ ಇವೆ.

ಅಗೆಯುವ ಉತ್ಸಾಹವನ್ನು ಅಳತೆಗೆ ಹಾಕಿ. ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಟೇಪು ಹಿಡಿಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬಂದು, ಕಲ್ಲುಗಳು ಒಂಟಿ ಸಾಲಿನಲ್ಲಿ ನೆಲಕ್ಕೆ ಹೂತಿದ್ದರೆ ಸಮಾಧಿ ಇರಬಹುದು. ಕಲ್ಲಿನ ಮೇಲೆ ಕಲ್ಲು ಪೇರಿಸಿ ದಾರಿ ಬಿಟ್ಟಿದ್ದರೆ ಅದು ಕುರಿಹಟ್ಟಿ. ಬದುವಿನಂಚಿನ ಗುಪ್ಪೆ ಹೊಲ ಹಸನು ಮಾಡಿದವರದ್ದು. ನಿಂತ ಕಲ್ಲು, ಬಿದ್ದ ಕಲ್ಲು ಬೇರೆಬೇರೆ ಎಣಿಸಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಸುಣ್ಣದಲ್ಲಿ ನಂಬರ್ ಬರೆಯುವ ಚಾಳಿ ಬಿಡಿ. ಮಳೆಗೆ ಮಡಕೆಯ ಕಂಠ ಕಂಡರೆ ಎಳೆಯಬೇಡಿ, ತೊಳೆಯಲೂ ಬೇಡಿ: ಕಾಳು, ಬೂದಿ, ಮೂಳೆ ಚೂರು ಉಳಿಯುವುದು ಒಳಗಿನ ಮಣ್ಣಿನಲ್ಲೇ. ಮತ್ತೆ ಮಣ್ಣು ಮುಚ್ಚಿ, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಬರೆದು ತಿಳಿಸಿ.

ಪ್ರಶ್ನೆ: ಅಂಜನ ಹಾಕಿ ಜಾಗ ತೋರಿಸುವವರೊಬ್ಬರು ಇದ್ದಾರೆ. ಕರೆಸಲೇ?

ಉತ್ತರ: ಅವರಿಗೆ ಕೊಡುವ ದುಡ್ಡಿಗೆ ಮೂವತ್ತು ಮೀಟರಿನ ಟೇಪು ಕೊಳ್ಳಿ.

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ‘ಮೋರೇರ ಮನೆ’ ಎನ್ನುವ ಚಪ್ಪಡಿಗಲ್ಲಿನ ಗೂಡುಗಳಲ್ಲಿ ಕುಳ್ಳರು ವಾಸವಿದ್ದರೇ?

ಉತ್ತರ: ಇಲ್ಲ. ಕಟ್ಟಿದ್ದು ಸತ್ತವರಿಗಾಗಿ.

ಪ್ರಶ್ನೆ: ಫೋಟೊ ಕಳಿಸಿದ್ದೇನೆ, ಎಷ್ಟು ಹಳೆಯದು?

ಉತ್ತರ: ನಮ್ಮ ಕಡೆಯ ಇಂಥ ಸಮಾಧಿಗಳು ಸ್ಥೂಲವಾಗಿ ಕ್ರಿ.ಪೂ. 1200ರಿಂದ ಕ್ರಿಸ್ತಶಕದ ಆರಂಭದವರೆಗಿನವು. ನಿಮ್ಮದು ಅದರಲ್ಲಿ ಎಲ್ಲಿ ಬೀಳುತ್ತದೆಂದು ಫೋಟೊ ಹೇಳದು; ಕಾಲ ಅಳೆಯಲು ಬಳಸುವ ಇದ್ದಿಲೂ, ಗುದ್ದಲಿ ಹಾಕಿ ಕದಡಿದ ಮಣ್ಣಿನದಾದರೆ, ಹೇಳದು.