ಕಾನ್ ವಿಕ್ಟರ್ ಕಾರ್ನೆಟ್‌ಗೆ ಮೌತ್‌ಪೀಸ್: ಪ್ರತಿಕ್ರಿಯೆ

1920ರ ದಶಕದ ಕಾನ್ ಕಂಪನಿಯ ವಿಕ್ಟರ್ ಕಾರ್ನೆಟ್ (ಟ್ರಂಪೆಟ್ ಥರದ ಊದೋ ಹಿತ್ತಾಳೆ ವಾದ್ಯ) ಸಿಕ್ಕಿದೆ, ಟ್ರಂಪೆಟ್‌ದೇ ಬಾಕ್ 7ಸಿ ಮೌತ್‌ಪೀಸ್ (ತುಟಿಗಿಟ್ಟು ಊದೋ ಭಾಗ) ಹಾಕಿದ್ರೆ ಅರ್ಧಕ್ಕೇ ನಿಲ್ಲುತ್ತೆ, ಮೇಲಿನ ಸ್ವರ ಎಲ್ಲೆಲ್ಲೋ ಹೋಗುತ್ತೆ ಅಂತ ಕೇಳಿದ್ರಲ್ಲ, ಕೊಳವೆ ಏನೂ ಕೆಟ್ಟಿಲ್ಲ ಬಿಡಿ. ಟ್ರಂಪೆಟ್ ಮೌತ್‌ಪೀಸ್‌ನ ಶ್ಯಾಂಕ್, ಅಂದ್ರೆ ವಾದ್ಯದೊಳಗೆ ಹೋಗೋ ಬಾಲ, ಕಾರ್ನೆಟ್ ಮೌತ್‌ಪೀಸ್‌ದಕ್ಕಿಂತ ದಪ್ಪ, ಸರಿಯಾಗಿ ಕೂರಲ್ಲ. ದಯವಿಟ್ಟು ಒತ್ತಿ ತುರುಕ್ಬೇಡಿ, ಶ್ಯಾಂಕ್ ಅರ ಹಾಕಿ ಉಜ್ಜೋಕೂ ಹೋಗ್ಬೇಡಿ, ವಾದ್ಯದಲ್ಲಿ ಶ್ಯಾಂಕ್ ಕೂರೋ ಆ ರಿಸೀವರ್ ಒಮ್ಮೆ ಹಿಗ್ಗಿದ್ರೆ ರಿಪೇರಿ ದೊಡ್ಡ ತಲೆನೋವು.

ಕಾರ್ನೆಟ್ ಶ್ಯಾಂಕ್‌ದೇ ತಗೊಳ್ಳಿ. ಮೆತ್ತಗೆ ಒಳಗಿಟ್ಟು ಅಲ್ಲಾಡಿಸಿ ನೋಡಿ, ತುದಿ ಒಳಗೆ ಲೊಡಲೊಡ ಅಂದ್ರೆ ಟೇಪರ್ (ತುದಿ ಕಡೆಗೆ ಸಣ್ಣಗಾಗೋ ಓರೆ) ಹೊಂದ್ತಿಲ್ಲ ಅಂತ ಅರ್ಥ, ಹಳೇ ವಾದ್ಯಗಳಲ್ಲಿ ಟೇಪರ್ ಇವತ್ತಿನದ್ದಕ್ಕಿಂತ ಬೇರೆ ಇರೋದು ಮಾಮೂಲಿ. ರಿಮ್ (ತುಟಿಗೆ ತಾಗೋ ಅಂಚು) ನಿಮ್ಮ ತುಟಿಗೆ ಒಗ್ಗಿದ ಅಳತೆಯದ್ದೇ ಇರ್ಲಿ, ಬದಲಾಯಿಸ್ಬೇಕಾದ್ದು ಕಪ್, ಅಂದ್ರೆ ರಿಮ್ ಒಳಗಿನ ಬಟ್ಟಲು. ಆ ಕಾಲದ ಕಾರ್ನೆಟ್‌ಗೆ ಆಳವಾದ, ಆಲಿಕೆ ಥರದ ವಿ ಕಪ್ ಇರ್ತಿತ್ತು, ಮೃದುವಾದ ದುಂಡು ನಾದ ಬರೋದು ಅದ್ರಿಂದ್ಲೇ. ಆಳ ಕಮ್ಮಿ ಇರೋ ಕಪ್ ಹಾಕಿದ್ರೆ ಅದೇ ಕಾರ್ನೆಟ್ ಟ್ರಂಪೆಟ್ ಥರ ಚೂಪಾಗಿ ಕೂಗುತ್ತೆ, ಅಷ್ಟು ಒಳ್ಳೇ ವಾದ್ಯಕ್ಕೆ ಅದು ಅನ್ಯಾಯ. ಡೆನಿಸ್ ವಿಕ್ ಕಂಪನಿಯ ಆಳ ಕಪ್‌ನ ಕಾರ್ನೆಟ್ ಮೌತ್‌ಪೀಸ್‌ಗಳಲ್ಲಿ ನಿಮ್ಮ ರಿಮ್ ಅಳತೆಗೆ ಹತ್ತಿರದ್ದು ಟ್ರೈ ಮಾಡಿ, ಕೊಳ್ಳೋ ಮುಂಚೆ ನಿಮ್ಮ ಕಾರ್ನೆಟ್‌ನಲ್ಲೇ ಕೂರಿಸಿ ನೋಡಿ. ಶ್ರುತಿ ಆಮೇಲೂ ಮೇಲೇ ಇದ್ರೆ ಹೈ ಪಿಚ್ ವಾದ್ಯನಾ (ಇವತ್ತಿನದ್ದಕ್ಕಿಂತ ಮೇಲಿದ್ದ ಹಳೇ ಶ್ರುತಿಗೆ ಮಾಡಿದ್ದು) ಅಂತ ಚೆಕ್ ಮಾಡಿ, ಲೋ ಪಿಚ್, ಅಂದ್ರೆ ಹೆಚ್ಚುಕಮ್ಮಿ ಇವತ್ತಿನ ಶ್ರುತಿಯದ್ದು, ಆಗಿದ್ರೆ ಎಷ್ಟೋ ಸಲ ಕೊಳವೆ ಮೇಲೆ ಗುರುತು ಕೆತ್ತಿರ್ತಾರೆ.